ಬೇಟ್‌ಕಾಸ್ಟಿಂಗ್ ರೀಲ್‌ನ ಬ್ರೇಕ್ ಹೊಂದಿಸುವುದು ಹೇಗೆ? ಶುರುವಿನಿಂದ ಕೊನೆಯವರೆಗೆ

ಮೀನು ಹಿಡಿಯಲು ಬೇಟ್‌ಕಾಸ್ಟಿಂಗ್ ರೀಲ್ ಕೊಂಡವರಲ್ಲಿ ಎಷ್ಟೋ ಜನ ಬೇಗನೇ ಅದನ್ನು ಮೂಲೆಗಿಟ್ಟು ಮತ್ತೆ ಸ್ಪಿನ್ನಿಂಗ್ ರೀಲ್ ಹಿಡಿಯುತ್ತಾರೆ. ಎಸೆದ ಕೂಡಲೇ ಸ್ಪೂಲ್ (ಲೈನ್ ಸುತ್ತಿರುವ ಉರುಳೆ) ಮೇಲೆ ಲೈನ್ ಉಬ್ಬಿ, ಒಂದರೊಳಗೊಂದು ಹೆಣೆದುಕೊಂಡು ದೊಡ್ಡ ಸಿಕ್ಕಾಗುತ್ತದೆ. ಎರಡು ಮೂರು ಸಲ ಹೀಗಾದರೆ ಸಾಕು, ಈ ರೀಲೇ ಸರಿಯಿಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಬಹಳ ಸಲ ರೀಲ್ ಸರಿಯಾಗೇ ಇರುತ್ತದೆ. ಅದರ ಬ್ರೇಕ್ ಹೊಂದಿಸಿರುವುದಿಲ್ಲ ಅಷ್ಟೇ. ಇಲ್ಲದಿದ್ದರೆ ಎಲ್ಲ ನಾಬ್‌ಗಳನ್ನೂ ಒಟ್ಟಿಗೇ ತಿರುಗಿಸಿ, ಯಾವುದರಿಂದ ಏನಾಯಿತು ಅನ್ನುವುದೇ ಗೊತ್ತಾಗದ ಹಾಗೆ ಮಾಡಿಕೊಂಡಿರುತ್ತಾರೆ.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಒಂದು ನಿಯಮ ಇಟ್ಟುಕೊಳ್ಳೋಣ: ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ ಮೇಲೆ ನಾಲ್ಕೈದು ಸಲ ಎಸೆದು ನೋಡಿ, ಆಮೇಲೆ ಮುಂದಿನದು.

ಸಿಕ್ಕು ಯಾಕೆ ಆಗುತ್ತದೆ

ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ತಿರುಗುವುದಿಲ್ಲ, ಲೈನ್ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲ್‌ನಲ್ಲಿ ಹಾಗಲ್ಲ. ಲ್ಯೂರ್, ಅಂದರೆ ಲೈನ್ ತುದಿಗೆ ಕಟ್ಟುವ ನಕಲಿ ಎರೆ, ಮುಂದೆ ಹೋಗುತ್ತಾ ಲೈನ್ ಎಳೆಯುತ್ತದೆ, ಲೈನ್ ಸ್ಪೂಲನ್ನು ತಿರುಗಿಸುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಸ್ಪೂಲ್ ವ್ಯಾಸ 34 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ ಸುಮಾರು 10.7 ಸೆಂಟಿಮೀಟರ್ ಲೈನ್ ಬಿಡುತ್ತದೆ. ಲ್ಯೂರ್ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೊರಟರೆ ಸ್ಪೂಲ್ ಸೆಕೆಂಡಿಗೆ 230ಕ್ಕೂ ಜಾಸ್ತಿ ಸುತ್ತು ಸುತ್ತಬೇಕು. ಅಂದರೆ ನಿಮಿಷಕ್ಕೆ ಸುಮಾರು 14,000 ಸುತ್ತಿನ ವೇಗ. ಅದೂ ನಿಂತ ಸ್ಥಿತಿಯಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ.

ಹೊರಟ ಮರುಕ್ಷಣದಿಂದಲೇ ಗಾಳಿಯ ತಡೆಯಿಂದ ಲ್ಯೂರ್ ನಿಧಾನವಾಗುತ್ತಾ ಹೋಗುತ್ತದೆ. ಸ್ಪೂಲಿಗೆ ಅದು ಗೊತ್ತಾಗುವುದಿಲ್ಲ, ಅದು ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ. ಲ್ಯೂರ್ ಎಳೆಯುವುದಕ್ಕಿಂತ ಜಾಸ್ತಿ ಲೈನನ್ನು ಸ್ಪೂಲ್ ಬಿಟ್ಟಾಗ ಆ ಹೆಚ್ಚುವರಿ ಲೈನ್ ಹೋಗಲು ಜಾಗವಿಲ್ಲದೆ ಸ್ಪೂಲ್ ಮೇಲೇ ಕುಣಿಕೆಗಳಾಗಿ ಏಳುತ್ತದೆ. ಇದೇ ಬ್ಯಾಕ್‌ಲ್ಯಾಶ್. ಸ್ಪೂಲಿನ ವೇಗ ಲ್ಯೂರಿನ ವೇಗಕ್ಕಿಂತ ಜಾಸ್ತಿ ಆಗದ ಹಾಗೆ ನೋಡಿಕೊಳ್ಳುವುದಷ್ಟೇ ಬ್ರೇಕಿನ ಕೆಲಸ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ರೀಲ್ ಮೇಲೆ ಯಾವುದು ಏನು

ಹ್ಯಾಂಡಲ್ ಇರುವ ಬದಿಯಲ್ಲಿ ಎರಡು ವಸ್ತು ಕಾಣುತ್ತವೆ. ನಕ್ಷತ್ರದ ಆಕಾರದ್ದು ಡ್ರ್ಯಾಗ್. ಅದು ಮೀನು ಲೈನ್ ಎಳೆದುಕೊಂಡು ಓಡುವಾಗ ಬೇಕಾಗುವುದು, ಎಸೆತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸಿಕ್ಕಾಗುತ್ತದೆ ಅಂತ ಡ್ರ್ಯಾಗ್ ಬಿಗಿ ಮಾಡುವವರನ್ನು ನೋಡಿದ್ದೇನೆ. ಅದರಿಂದ ಏನೂ ಆಗುವುದಿಲ್ಲ.

ಅದರ ಪಕ್ಕದಲ್ಲಿರುವ ಚಿಕ್ಕ ಗುಂಡನೆಯ ನಾಬ್ ಸ್ಪೂಲ್ ಟೆನ್ಷನ್. ಇದು ಸ್ಪೂಲಿನ ಅಚ್ಚಿನ ತುದಿಯನ್ನು ನೇರವಾಗಿ ಒತ್ತಿ ಹಿಡಿಯುತ್ತದೆ. ಎಸೆತದ ಶುರುವಿನಿಂದ ಕೊನೆಯವರೆಗೂ ಒಂದೇ ಸಮನೆ ಒತ್ತುತ್ತಿರುತ್ತದೆ.

ಹ್ಯಾಂಡಲ್‌ಗೆ ಎದುರು ಬದಿಯ ಮುಚ್ಚಳದಲ್ಲಿ, ಅಂದರೆ ಸೈಡ್ ಪ್ಲೇಟ್‌ನಲ್ಲಿ, ಅಂಕಿಗಳಿರುವ ಡಯಲ್ ಇರುತ್ತದೆ. ಇದೇ ಎಸೆತದ ನಿಜವಾದ ಬ್ರೇಕ್. ಕೆಲವು ಹಳೆಯ ರೀಲ್‌ಗಳಲ್ಲಿ ಹೊರಗೆ ಡಯಲ್ ಇರುವುದಿಲ್ಲ, ಮುಚ್ಚಳ ತೆಗೆದು ಒಳಗೆ ಹೊಂದಿಸಬೇಕು.

ಇನ್ನೊಂದು ಬ್ರೇಕ್ ರೀಲ್ ಮೇಲೆ ಇಲ್ಲ, ಅದು ನಿಮ್ಮ ಹೆಬ್ಬೆರಳು. ಈ ಬಗೆಯ ರೀಲ್‌ಗಳನ್ನು 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಗಡಿಯಾರ ಮಾಡುವವರು ತಯಾರಿಸಲು ಶುರು ಮಾಡಿದಾಗ ಒಳಗೆ ಇಂಥ ಯಾವ ಬ್ರೇಕೂ ಇರಲಿಲ್ಲ. ಪಳಗಿದ ಹೆಬ್ಬೆರಳೊಂದೇ ಆಧಾರ. ಇವತ್ತಿಗೂ ಡಯಲ್ ಎಷ್ಟೇ ಚೆನ್ನಾಗಿರಲಿ, ಕೊನೆಯ ಕೆಲಸ ಹೆಬ್ಬೆರಳಿನದೇ.

ನಿಮ್ಮ ರೀಲ್‌ನಲ್ಲಿ ಯಾವ ಬ್ರೇಕ್ ಇದೆ?

ಇದನ್ನು ತಿಳಿದುಕೊಳ್ಳದೆ ಸುಮ್ನೆ ಡಯಲ್ ತಿರುಗಿಸಬೇಡಿ. ಬ್ರೇಕಿನ ಬಗೆ ಬದಲಾದ ಹಾಗೆ ರೀಲ್ ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆ.

ಮೊದಲನೆಯದು ಮ್ಯಾಗ್ನೆಟಿಕ್ ಬ್ರೇಕ್. ಸೈಡ್ ಪ್ಲೇಟ್ ಒಳಗೆ ಚಿಕ್ಕ ಚಿಕ್ಕ ಆಯಸ್ಕಾಂತಗಳಿರುತ್ತವೆ. ಸ್ಪೂಲ್ ಅಲ್ಯೂಮಿನಿಯಂನದು, ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅಲ್ವಾ? ಆದರೆ ಆಯಸ್ಕಾಂತದ ಹತ್ತಿರ ವೇಗವಾಗಿ ತಿರುಗಿದಾಗ ಆ ಲೋಹದೊಳಗೆ ವಿದ್ಯುತ್ತಿನ ಸುಳಿಗಳು ಹುಟ್ಟಿ ತಿರುಗುವುದನ್ನು ತಡೆಯುತ್ತವೆ. ಡಯಲ್ ಏರಿಸಿದರೆ ಆಯಸ್ಕಾಂತ ಹತ್ತಿರ ಬರುತ್ತದೆ, ಇಳಿಸಿದರೆ ದೂರ ಹೋಗುತ್ತದೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಹಾಗಾಗಿ ಸವೆತವೂ ಇಲ್ಲ. ತಡೆಯುವ ಬಲ ವೇಗಕ್ಕೆ ತಕ್ಕ ಹಾಗೆ: ವೇಗ ಅರ್ಧವಾದರೆ ತಡೆಯೂ ಅರ್ಧ. ಎಸೆತದ ಕೊನೆಯವರೆಗೂ ಸ್ವಲ್ಪ ತಡೆ ಉಳಿದಿರುವುದರಿಂದ ಕಲಿಯುವವರಿಗೆ ಇದು ಧೈರ್ಯ ಕೊಡುತ್ತದೆ. ದೂರ ಮಾತ್ರ ಒಂಚೂರು ಕಡಿಮೆ. ಡೈವಾ ಕಂಪನಿ ಮುಖ್ಯವಾಗಿ ಈ ದಾರಿಯಲ್ಲೇ ಬಂದಿದೆ. ಅವರ ಮ್ಯಾಗ್‌ಫೋರ್ಸ್ ಝೆಡ್, ಎಸ್‌ವಿ ಥರದ ಸ್ಪೂಲ್‌ಗಳಲ್ಲಿ ಒಂದು ಚಿಕ್ಕ ಲೋಹದ ಬಟ್ಟಲು ವೇಗ ಹೆಚ್ಚಾದಾಗ ಆಯಸ್ಕಾಂತದ ಕಡೆಗೆ ಸರಿಯುತ್ತದೆ, ವೇಗ ಇಳಿದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೀಗಾಗಿ ಬೇಕಾದ ಹೊತ್ತಿಗೆ ಮಾತ್ರ ಬ್ರೇಕ್ ಜೋರಾಗಿ ಹಿಡಿಯುತ್ತದೆ.

ಎರಡನೆಯದು ಸೆಂಟ್ರಿಫ್ಯೂಗಲ್ ಬ್ರೇಕ್. ಸ್ಪೂಲಿನ ಬದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಶೂಗಳಿರುತ್ತವೆ. ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ತಳ್ಳಲ್ಪಟ್ಟು ಒಂದು ಉಂಗುರಕ್ಕೆ ಉಜ್ಜುತ್ತವೆ. ಇಲ್ಲಿ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ವೇಗ ಅರ್ಧಕ್ಕೆ ಇಳಿದರೆ ತಡೆ ಕಾಲು ಭಾಗಕ್ಕೆ ಇಳಿಯುತ್ತದೆ. ಶುರುವಿನಲ್ಲಿ ಗಟ್ಟಿಯಾಗಿ ಹಿಡಿದು ಆಮೇಲೆ ಬೇಗ ಬಿಟ್ಟುಬಿಡುವ ಬ್ರೇಕ್ ಇದು. ದೂರ ಎಸೆಯಲು ಬಹಳ ಒಳ್ಳೆಯದು, ಆದರೆ ಕೊನೆಯ ಹಂತದಲ್ಲಿ ಹೆಬ್ಬೆರಳು ಎಚ್ಚರವಾಗಿರಬೇಕು. ಶಿಮಾನೋ ಕಂಪನಿಯ ಎಸ್‌ವಿಎಸ್ ಈ ಬಗೆಯದು. ಎಸ್‌ವಿಎಸ್ ಇನ್ಫಿನಿಟಿ ಇರುವ ರೀಲ್‌ಗಳಲ್ಲಿ ಒಳಗೆ ಎಷ್ಟು ಶೂ ಕೆಲಸ ಮಾಡಬೇಕು ಅಂತ ಒಮ್ಮೆ ಹೊಂದಿಸಿ, ಆಮೇಲೆ ಹೊರಗಿನ ಡಯಲ್‌ನಲ್ಲೇ ಸಣ್ಣ ಬದಲಾವಣೆ ಮಾಡಬಹುದು.

ಎರಡೂ ಸೇರಿದ ರೀಲ್‌ಗಳೂ ಇವೆ. ಅಬು ಗಾರ್ಸಿಯಾ, ಲ್ಯೂಸ್ ಕಂಪನಿಗಳ ಕೆಲವು ಮಾದರಿಗಳು ಹೀಗಿವೆ. ಒಳಗಿನ ಶೂಗಳನ್ನು ಒಮ್ಮೆ ಹೊಂದಿಸಿ ಮರೆತುಬಿಡಿ, ಹೊರಗಿನ ಮ್ಯಾಗ್ನೆಟ್ ಡಯಲ್‌ನಿಂದ ದಿನದ ಕೆಲಸ ನಡೆಸಿ. ಇನ್ನು ಶಿಮಾನೋದ ಡಿಸಿ (ಡಿಜಿಟಲ್ ಕಂಟ್ರೋಲ್) ರೀಲ್‌ಗಳಲ್ಲಿ ಸ್ಪೂಲ್ ತಿರುಗುವಾಗ ತಾನೇ ವಿದ್ಯುತ್ ಉತ್ಪಾದಿಸಿ, ಆ ಶಕ್ತಿಯಿಂದ ಒಳಗಿನ ಚಿಪ್ ಬ್ರೇಕ್ ಹಾಕುತ್ತದೆ, ಬ್ಯಾಟರಿ ಬೇಡ. ಎಸೆದಾಗ ಕೀಂಯ್ ಅನ್ನುವ ಸದ್ದು ಬರುವುದು ಅದಕ್ಕೇ. ಅದರಲ್ಲೂ ಸ್ಪೂಲ್ ಟೆನ್ಷನ್ ಹೊಂದಿಸಲೇಬೇಕು, ಚಿಪ್ ಇದೆ ಅಂತ ಬಿಡುವಂತಿಲ್ಲ.

ಮುಚ್ಚಳ ತೆಗೆಯುವ ವಿಧಾನ ಒಂದೊಂದು ರೀಲ್‌ಗೆ ಒಂದೊಂದು ಥರ, ರೀಲ್ ಜೊತೆ ಬಂದ ಚೀಟಿ ನೋಡಿ. ಅಗಲ ತಟ್ಟೆಯ ಮೇಲಿಟ್ಟು ತೆಗೆಯಿರಿ, ಶೂಗಳು ಉದುರಿದರೆ ಹುಡುಕುವುದು ಕಷ್ಟ.

ಡಯಲ್ ಮುಟ್ಟುವ ಮೊದಲು

ಬ್ರೇಕ್ ಎಷ್ಟೇ ಸರಿಯಿದ್ದರೂ ಲ್ಯೂರ್ ತೀರಾ ಹಗುರವಾಗಿದ್ದರೆ ಕಲಿಯಲು ಆಗುವುದಿಲ್ಲ. ಸ್ಪೂಲನ್ನು ತಿರುಗಿಸುವಷ್ಟು ತೂಕ ಅದಕ್ಕಿರಬೇಕು. 14ರಿಂದ 17 ಗ್ರಾಂ ತೂಕದ, ಗಾಳಿಯಲ್ಲಿ ನೇರ ಹೋಗುವ ಲ್ಯೂರ್‌ನಿಂದ ಶುರು ಮಾಡಿ. ಕೊಕ್ಕೆ ಇಲ್ಲದ ಅಭ್ಯಾಸದ ಪ್ಲಗ್ ಸಿಕ್ಕರೆ ಇನ್ನೂ ಒಳ್ಳೆಯದು. 7 ಗ್ರಾಂಗಿಂತ ಕಡಿಮೆ ತೂಕದ್ದನ್ನು ಸಾಮಾನ್ಯ ಬೇಟ್‌ಕಾಸ್ಟಿಂಗ್ ರೀಲ್‌ನಲ್ಲಿ ಎಸೆಯುವುದು ಅನುಭವಿಗಳಿಗೂ ಕಿರಿಕಿರಿ. ಅದಕ್ಕೆ ಹಗುರ ಸ್ಪೂಲಿನ ಬಿಎಫ್‌ಎಸ್ (ಬೇಟ್ ಫಿನೆಸ್ ಸಿಸ್ಟಮ್) ರೀಲ್‌ಗಳೇ ಬೇರೆ ಇವೆ.

ಲೈನ್ ವಿಷಯಕ್ಕೆ ಬಂದರೆ 12ರಿಂದ 15 ಪೌಂಡಿನ ಮೋನೋ (ಒಂದೇ ಎಳೆಯ ನೈಲಾನ್ ಲೈನ್) ಕಲಿಯಲು ಅತ್ಯಂತ ಸುಲಭ. ಫ್ಲೋರೋಕಾರ್ಬನ್ ಬಿರುಸು, ಸ್ಪೂಲ್ ಮೇಲೆ ಸ್ಪ್ರಿಂಗ್ ಹಾಗೆ ಎದ್ದು ನಿಲ್ಲುತ್ತದೆ, ಒಮ್ಮೆ ಮಡಚಿಕೊಂಡರೆ ಆ ಜಾಗದಲ್ಲಿ ಶಕ್ತಿ ಹೋಗುತ್ತದೆ. ಬ್ರೇಡ್ (ಹಲವು ಎಳೆ ಹೆಣೆದ ಲೈನ್) ಮೃದು, ಗಟ್ಟಿ, ಆದರೆ ತೆಳ್ಳಗಿನದು ಕೆಳಗಿನ ಸುತ್ತುಗಳ ನಡುವೆ ಹೂತುಕೊಳ್ಳುತ್ತದೆ. ಬ್ರೇಡೇ ಹಾಕುತ್ತೀರಿ ಅಂದರೆ ಮೊದಲು ಒಂದಷ್ಟು ಮೋನೋ ಸುತ್ತಿ ಅದರ ಮೇಲೆ ಹಾಕಿ. ಇಲ್ಲದಿದ್ದರೆ ಬರಿಯ ಲೋಹದ ಮೇಲೆ ಇಡೀ ಬ್ರೇಡ್ ಜಾರಿ ತಿರುಗುತ್ತದೆ.

ಸ್ಪೂಲ್ ತುಂಬಾ ತುಂಬಿಸಬೇಡಿ. ಅಂಚಿನಿಂದ ಸುಮಾರು 3 ಮಿಲಿಮೀಟರ್ ಕೆಳಗೆ ನಿಲ್ಲಲಿ. ಅಭ್ಯಾಸದ ದಿನಗಳಲ್ಲಿ ಇನ್ನೂ ಸ್ವಲ್ಪ ಕಡಿಮೆ ಇದ್ದರೆ ಸ್ಪೂಲ್ ಹಗುರವಾಗಿರುತ್ತದೆ, ಹತೋಟಿಗೆ ಬೇಗ ಸಿಗುತ್ತದೆ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಲೈನ್ ಹಿಡಿದು ಬಿಗಿಯಾಗಿ ಸುತ್ತಿ.

ಒಂದು ಹಳೆಯ ಉಪಾಯ ಹೇಳುತ್ತೇನೆ, ಇದನ್ನು ಬಿಡಲೇಬೇಡಿ. ನೀವು ಎಸೆಯಬಲ್ಲ ದೂರಕ್ಕಿಂತ ಹತ್ತು ಮೀಟರ್ ಜಾಸ್ತಿ ಲೈನ್ ಎಳೆದು ಹೊರಗಿಟ್ಟು, ಸ್ಪೂಲ್ ಮೇಲೆ ಉಳಿದ ಲೈನಿನ ಮೇಲೆ ಒಂದು ತುಂಡು ವೈರಿಂಗ್ ಟೇಪ್ ಅಂಟಿಸಿ, ಆಮೇಲೆ ಹೊರಗಿನ ಲೈನನ್ನು ಅದರ ಮೇಲೆ ಸುತ್ತಿಬಿಡಿ. ಎಷ್ಟೇ ಕೆಟ್ಟ ಸಿಕ್ಕಾದರೂ ಟೇಪಿನಿಂದ ಕೆಳಗೆ ಇಳಿಯುವುದಿಲ್ಲ. ನಿಜವಾಗಿ ಮೀನು ಹಿಡಿಯಲು ಹೋಗುವಾಗ ಮಾತ್ರ ಟೇಪ್ ತೆಗೆಯಿರಿ, ದೊಡ್ಡ ಮೀನು ಓಡಿದರೆ ಆ ಲೈನ್ ಬೇಕಾಗುತ್ತದೆ.

ಅಭ್ಯಾಸಕ್ಕೆ ಹುಲ್ಲಿರುವ ಬಯಲು ಜಾಗ ಸಾಕು. ತಲೆಯ ಮೇಲೆ ವಿದ್ಯುತ್ ತಂತಿ ಇರಬಾರದು, ಗ್ರಾಫೈಟ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಹಿಂದೆ ಯಾರೂ ಇಲ್ಲ ಅಂತ ಪ್ರತಿ ಸಲವೂ ನೋಡಿ.

ಹಂತ 1: ಸ್ಪೂಲ್ ಟೆನ್ಷನ್

ಲ್ಯೂರ್ ಕಟ್ಟಿ ರಾಡ್ ತುದಿಯಿಂದ 15 ಸೆಂಟಿಮೀಟರ್ ಇಳಿಬಿಡಿ. ರಾಡನ್ನು ಮುಂದಕ್ಕೆ ಚಾಚಿ, ತುದಿ ಸ್ವಲ್ಪ ಮೇಲಿರಲಿ. ಸೈಡ್ ಪ್ಲೇಟ್ ಡಯಲನ್ನು ಸೊನ್ನೆಗೆ ಇಳಿಸಿ, ಈಗ ಟೆನ್ಷನ್ ಒಂದನ್ನೇ ನೋಡುತ್ತಿದ್ದೇವೆ. ಹೆಬ್ಬೆರಳಿನಿಂದ ಸ್ಪೂಲ್ ಹಿಡಿದುಕೊಂಡು ಸ್ಪೂಲನ್ನು ಬಿಡುವ ಬಟನ್ ಒತ್ತಿ, ನಿಧಾನ ಬೆರಳು ಸಡಿಲಿಸಿ.

ಲ್ಯೂರ್ ಕಲ್ಲಿನ ಹಾಗೆ ದಬಕ್ಕನೆ ಬಿದ್ದರೆ ಟೆನ್ಷನ್ ಸಡಿಲವಿದೆ. ನಾಬನ್ನು ಗಡಿಯಾರದ ದಿಕ್ಕಿನಲ್ಲಿ ಒಂಚೂರು ಬಿಗಿ ಮಾಡಿ. ಇಳಿಯದೆ ಅಲ್ಲೇ ತೂಗಾಡುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ, ಸಡಿಲಿಸಿ. ಲ್ಯೂರ್ ನಿಧಾನವಾಗಿ, ಒಂದೇ ಸಮನೆ ಇಳಿದು ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಅರ್ಧ ಸುತ್ತು ಹೆಚ್ಚು ತಿರುಗಿದರೆ ಪರವಾಗಿಲ್ಲ.

ಇದು ಹೊಸಬರಿಗೆ. ಸ್ವಲ್ಪ ಕೈ ಪಳಗಿದ ಮೇಲೆ ಬೇರೆ ರೀತಿಯಲ್ಲಿ ಹೊಂದಿಸಿ. ಟೆನ್ಷನ್ ನಾಬ್ ಪೂರ್ತಿ ಸಡಿಲಿಸಿ ಸ್ಪೂಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿ, ಟಕ್ ಟಕ್ ಅಂತ ಸರಿಯುತ್ತದೆ. ಆ ಅಲ್ಲಾಟ ನಿಲ್ಲುವವರೆಗೆ ಮಾತ್ರ ಬಿಗಿ ಮಾಡಿ ಅಲ್ಲಿಗೇ ನಿಲ್ಲಿಸಿ. ಇನ್ನು ಮುಂದೆ ಲ್ಯೂರ್ ಬದಲಾದರೂ ನಾಬ್ ಮುಟ್ಟಬೇಡಿ, ಎಲ್ಲವನ್ನೂ ಡಯಲ್‌ನಲ್ಲೇ ನೋಡಿಕೊಳ್ಳಿ. ಡೈವಾ ತನ್ನ ಕೆಲವು ರೀಲ್‌ಗಳಲ್ಲಿ ಕಾರ್ಖಾನೆಯಲ್ಲೇ ಹೀಗೆ ಹೊಂದಿಸಿ ಕಳಿಸುತ್ತದೆ.

ನನಗೆ ಈ ಎರಡನೇ ರೀತಿಯೇ ಸರಿ ಅನಿಸುತ್ತದೆ. ಟೆನ್ಷನ್ ನಾಬ್ ಎಸೆತದ ಎಲ್ಲ ಹಂತದಲ್ಲೂ ಒಂದೇ ಸಮನೆ ಒತ್ತುತ್ತದೆ, ಲ್ಯೂರ್ ನಿಧಾನವಾಗಿ ಹಾರುತ್ತಿರುವಾಗಲೂ ಬಿಡುವುದಿಲ್ಲ. ಅದನ್ನೇ ಬ್ರೇಕ್ ಮಾಡಿಕೊಂಡರೆ ಸಿಕ್ಕು ನಿಲ್ಲುತ್ತದೆ ನಿಜ, ಜೊತೆಗೆ ದೂರವೂ ಹೋಗುತ್ತದೆ. ತುಂಬಾ ಬಿಗಿ ಮಾಡಿ ಇಟ್ಟರೆ ಅಚ್ಚಿನ ತುದಿಗೂ ಒಳ್ಳೆಯದಲ್ಲ.

ಹಂತ 2: ಬ್ರೇಕನ್ನು ಮೇಲಿನಿಂದ ಶುರು ಮಾಡಿ

ಡಯಲನ್ನು ಗರಿಷ್ಠದ ಮುಕ್ಕಾಲು ಭಾಗಕ್ಕೆ ಇಡಿ. 10ರವರೆಗೆ ಅಂಕಿ ಇದ್ದರೆ 7 ಅಥವಾ 8, 6ರವರೆಗೆ ಇದ್ದರೆ 5. ಸೆಂಟ್ರಿಫ್ಯೂಗಲ್ ರೀಲ್‌ನಲ್ಲಿ ಶೂಗಳನ್ನು ಒಂದೊಂದಾಗಿ ಆನ್ ಆಫ್ ಮಾಡುವಂತಿದ್ದರೆ ಶುರುವಿಗೆ ಬಹುಪಾಲು ಆನ್ ಇರಲಿ. ಆಫ್ ಮಾಡುವಾಗ ಎದುರುಬದುರಿನ ಜೋಡಿಯನ್ನೇ ಆಫ್ ಮಾಡಿ. ಒಂದೇ ಬದಿಯ ಎರಡನ್ನು ಆಫ್ ಮಾಡಿದರೆ ಅಷ್ಟು ವೇಗದಲ್ಲಿ ಸ್ಪೂಲಿನ ಸಮತೋಲನ ತಪ್ಪಿ ಅದುರುತ್ತದೆ.

ಕೆಳಗಿನಿಂದ ಏರಿಸುತ್ತಾ ಬರುವುದು ಬೇಡ. ಪ್ರತಿ ಎಸೆತಕ್ಕೂ ಸಿಕ್ಕು ಬಿಡಿಸುತ್ತಾ ಕೂತರೆ ಕಲಿಯುವುದು ಸಿಕ್ಕು ಬಿಡಿಸುವುದನ್ನೇ.

ಹಂತ 3: ಮೆಲ್ಲಗೆ ಎಸೆಯಿರಿ

ರಾಡ್ ಹಿಂದಕ್ಕೆ ಒಯ್ಯಿರಿ, ಲ್ಯೂರಿನ ತೂಕಕ್ಕೆ ರಾಡ್ ಬಾಗಿದ್ದು ಕೈಗೆ ಗೊತ್ತಾಗಲಿ, ಅಲ್ಲಿಂದ ಮುಂದಕ್ಕೆ ನಿಧಾನವಾಗಿ ಶುರು ಮಾಡಿ ವೇಗ ಏರಿಸುತ್ತಾ ಬನ್ನಿ. ರೀಲನ್ನು ಸ್ವಲ್ಪ ಹೊರಳಿಸಿ ಹ್ಯಾಂಡಲ್ ಮೇಲ್ಮುಖವಾಗಿ ಇರುವ ಹಾಗೆ ಹಿಡಿದರೆ ಮಣಿಕಟ್ಟು ಸಲೀಸಾಗಿ ಆಡುತ್ತದೆ. ಎಸೆಯುವವರೆಗೂ ಹೆಬ್ಬೆರಳು ಸ್ಪೂಲನ್ನು ಗಟ್ಟಿಯಾಗಿ ಹಿಡಿದಿರಬೇಕು. ಲ್ಯೂರ್ ಕೆಳಗೆ ಕಾಲ ಬಳಿ ಬಿದ್ದರೆ ಬೆರಳು ತಡವಾಗಿ ಬಿಟ್ಟಿದ್ದೀರಿ, ಆಕಾಶಕ್ಕೆ ಹೋದರೆ ಬೇಗ ಬಿಟ್ಟಿದ್ದೀರಿ. ಇವೆರಡಕ್ಕೂ ಬ್ರೇಕಿಗೂ ಸಂಬಂಧವಿಲ್ಲ, ಡಯಲ್ ಮುಟ್ಟಬೇಡಿ.

ಸ್ಪಿನ್ನಿಂಗ್ ರೀಲ್ ಅಭ್ಯಾಸ ಇರುವವರು ಚಟ್ ಅಂತ ಝಾಡಿಸಿ ಎಸೆಯುತ್ತಾರೆ. ಹಾಗೆ ಝಾಡಿಸಿದರೆ ಮೊದಲ ಕ್ಷಣದಲ್ಲೇ ಸ್ಪೂಲಿನ ವೇಗ ಒಮ್ಮೆಲೇ ಏರುತ್ತದೆ, ಯಾವ ಬ್ರೇಕಿಗೂ ತಡೆಯಲು ಆಗುವುದಿಲ್ಲ. ದೂರದ ಯೋಚನೆ ಬಿಡಿ. ಹನ್ನೆರಡು ಹದಿನೈದು ಮೀಟರ್ ದೂರದಲ್ಲಿ ಒಂದು ಬಕೆಟ್ ಇಟ್ಟುಕೊಂಡು ಅದರ ಹತ್ತಿರ ಬೀಳಿಸಲು ನೋಡಿ. ಗುರಿ ಇದ್ದಾಗ ಕೈ ತಾನಾಗೇ ಮೆದುವಾಗುತ್ತದೆ.

ಹಂತ 4: ಒಂದೊಂದೇ ಅಂಕಿ ಇಳಿಸಿ

ಒಂದೇ ಥರದ ಐದಾರು ಎಸೆತ ಸಿಕ್ಕಾಗದೆ ನಡೆದರೆ ಡಯಲನ್ನು ಒಂದು ಅಂಕಿ ಇಳಿಸಿ. ಮತ್ತೆ ಐದಾರು ಎಸೆತ. ಮತ್ತೆ ಒಂದು ಅಂಕಿ. ಪ್ರತಿ ಸಲ ಎಸೆತ ಮುಗಿದ ಮೇಲೆ ಸ್ಪೂಲ್ ನೋಡಿ. ಒಂದು ಹಂತದಲ್ಲಿ ಮೇಲಿನ ಸುತ್ತುಗಳು ಸ್ವಲ್ಪ ಉಬ್ಬಿ ಸಡಿಲವಾಗಿರುವುದು ಕಾಣುತ್ತದೆ. ಸಿಕ್ಕಾಗಿರುವುದಿಲ್ಲ, ಆದರೆ ಆಗುವುದರಲ್ಲಿತ್ತು. ಅದೇ ನಿಮ್ಮ ಗಡಿ. ಅಲ್ಲಿಂದ ಒಂದು ಅಂಕಿ ಮೇಲಕ್ಕೆ ಹೋಗಿ ನಿಲ್ಲಿ. ಆ ಲ್ಯೂರಿಗೆ, ಆ ಗಾಳಿಗೆ, ನಿಮ್ಮ ಇವತ್ತಿನ ಕೈಗೆ ಅದೇ ಸರಿಯಾದ ಬ್ರೇಕ್.

ಬೇರೆಯವರ ಅಂಕಿ ಕೇಳಿ ಹಾಗೇ ಇಡುವುದರಿಂದ ಪ್ರಯೋಜನವಿಲ್ಲ. ಒಂದೇ ಮಾದರಿಯ ರೀಲ್ ಆದರೂ ಲೈನ್ ಬೇರೆ, ರಾಡ್ ಬೇರೆ, ಕೈಯ ವೇಗ ಬೇರೆ ಇರುತ್ತದೆ.

ಹೆಬ್ಬೆರಳು

ಬ್ರೇಕ್ ಕಡಿಮೆ ಮಾಡುತ್ತಾ ಹೋದಷ್ಟೂ ಹೆಬ್ಬೆರಳಿನ ಕೆಲಸ ಜಾಸ್ತಿ. ಲ್ಯೂರ್ ಹಾರುತ್ತಿರುವಾಗ ಬೆರಳು ಸ್ಪೂಲಿನಿಂದ ದೂರ ಹೋಗಬಾರದು, ಮೇಲೇ ತೇಲುತ್ತಿರಬೇಕು. ಲೈನ್ ಉಬ್ಬಿ ಬೆರಳಿಗೆ ತಾಗಿದರೆ ಗರಿ ಸವರಿದಷ್ಟೇ ಮೆಲ್ಲಗೆ ಮುಟ್ಟಿ, ಗಟ್ಟಿ ಒತ್ತಿದರೆ ಲ್ಯೂರ್ ಗಾಳಿಯಲ್ಲೇ ಜಗ್ಗಿ ಬಿದ್ದುಬಿಡುತ್ತದೆ. ಬೆರಳನ್ನು ಸ್ವಲ್ಪ ಓರೆ ಮಾಡಿ, ಅರ್ಧ ಲೈನ್ ಮೇಲೆ ಅರ್ಧ ಸ್ಪೂಲಿನ ಅಂಚಿನ ಮೇಲೆ ಇಟ್ಟರೆ ಒತ್ತಡ ಹೊಂದಿಸುವುದು ಸುಲಭ. ಬ್ರೇಡ್ ಹಾಕಿದವರು ಇದನ್ನೇ ಅಭ್ಯಾಸ ಮಾಡಿಕೊಳ್ಳಿ, ವೇಗದಲ್ಲಿ ಬ್ರೇಡ್ ಉಜ್ಜಿದರೆ ಚರ್ಮ ಉರಿಯುತ್ತದೆ.

ಮುಖ್ಯವಾದ ಕ್ಷಣ ಕೊನೆಯದು. ಲ್ಯೂರ್ ನೀರು ಮುಟ್ಟಿದ ಕೂಡಲೇ ನಿಂತುಬಿಡುತ್ತದೆ, ಸ್ಪೂಲ್ ನಿಲ್ಲುವುದಿಲ್ಲ. ನೀರು ಮುಟ್ಟುವ ಒಂದು ಕ್ಷಣ ಮೊದಲೇ ಬೆರಳು ಒತ್ತಿ ನಿಲ್ಲಿಸಿ. ಕಣ್ಣು ಲ್ಯೂರ್ ಮೇಲಿರಲಿ, ರೀಲ್ ಮೇಲಲ್ಲ. ರಾತ್ರಿ ಲ್ಯೂರ್ ಬೀಳುವುದು ಕಾಣುವುದಿಲ್ಲ, ಹಾಗಾಗಿ ಒಂದೆರಡು ಅಂಕಿ ಏರಿಸಿಕೊಂಡೇ ಎಸೆಯಿರಿ.

ಸಿಕ್ಕಾಯಿತು. ಯಾವಾಗ ಆಯಿತು ನೋಡಿ

ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ಸಿಕ್ಕಾದ ತಕ್ಷಣ ಬಿಡಿಸಲು ಕೂರುವ ಮೊದಲು, ಎಸೆತದ ಯಾವ ಹೊತ್ತಿನಲ್ಲಿ ಆಯಿತು ಅಂತ ಯೋಚಿಸಿ. ಲ್ಯೂರ್ ಎಷ್ಟು ದೂರ ಹೋಗಿತ್ತು ಅನ್ನುವುದರಿಂದಲೇ ಅದು ಗೊತ್ತಾಗುತ್ತದೆ.

ಬಿಟ್ಟ ಕೂಡಲೇ ಆಯಿತು, ಲ್ಯೂರ್ ಐದಾರು ಮೀಟರೂ ಹೋಗಿಲ್ಲ ಅಂದರೆ ಝಾಡಿಸಿ ಎಸೆದಿದ್ದೀರಿ, ಇಲ್ಲವೇ ಬ್ರೇಕ್ ಕಡಿಮೆಯಿದೆ. ಮೊದಲು ಕೈ ಮೆದು ಮಾಡಿ ನೋಡಿ. ಆಗಲೂ ಆದರೆ ಡಯಲ್ ಎರಡು ಅಂಕಿ ಏರಿಸಿ, ಅಥವಾ ಒಂದು ಜೋಡಿ ಶೂ ಆನ್ ಮಾಡಿ. ಡಯಲ್ ಕೊನೆಯವರೆಗೆ ಏರಿಸಿದರೂ ನಿಲ್ಲದಿದ್ದರೆ ಲ್ಯೂರ್ ಆ ರೀಲ್‌ಗೆ ತೀರಾ ಹಗುರ.

ಅರ್ಧ ದಾರಿಯಲ್ಲಿ ಆದರೆ ಗಾಳಿ ಬೀಸಿದೆ, ಅಥವಾ ಲ್ಯೂರ್ ಪಲ್ಟಿ ಹೊಡೆಯುತ್ತಾ ಹೋಗಿ ಒಮ್ಮೆಲೇ ನಿಧಾನವಾಗಿದೆ. ಒಂದು ಅಂಕಿ ಏರಿಸಿ, ಎತ್ತರಕ್ಕೆ ಎಸೆಯುವ ಬದಲು ತಗ್ಗಾಗಿ ಎಸೆಯಿರಿ.

ಲ್ಯೂರ್ ಬಿದ್ದ ಮೇಲೆ ಆದರೆ ಹೆಬ್ಬೆರಳು ತಡವಾಗಿದೆ, ಅಷ್ಟೇ. ಇದಕ್ಕೆ ಬ್ರೇಕ್ ಏರಿಸಿ ಮದ್ದು ಮಾಡಬೇಡಿ, ಸುಮ್ನೆ ದೂರ ಕಳೆದುಕೊಳ್ಳುತ್ತೀರಿ. ತೀರಾ ಪದೇ ಪದೇ ಆದರೆ ಟೆನ್ಷನ್ ನಾಬನ್ನು ಕೂದಲೆಳೆಯಷ್ಟು ಬಿಗಿ ಮಾಡಿ.

ಪ್ರತಿ ಸಲವೂ ಒಂದೇ ದೂರದಲ್ಲಿ ಗಕ್ಕನೆ ನಿಂತರೆ ಅದು ಬ್ರೇಕಿನ ತಪ್ಪಲ್ಲ. ಹಿಂದಿನ ಸಿಕ್ಕಿನ ಒಂದು ಕುಣಿಕೆ ಒಳಗೆ ಹಾಗೇ ಉಳಿದಿದೆ, ಅಥವಾ ಲೈನ್ ಹೂತುಕೊಂಡಿದೆ. ಬ್ರೇಡ್‌ನಲ್ಲಿ ಎಲ್ಲೋ ಸಿಕ್ಕಿಕೊಂಡ ಲ್ಯೂರನ್ನು ಜೋರಾಗಿ ಎಳೆದ ಮೇಲೆ ಹೀಗಾಗುತ್ತದೆ. ಮುಂದಿನ ಎಸೆತಕ್ಕೆ ಲೈನ್ ತಟ್ಟನೆ ನಿಂತು ಲ್ಯೂರ್ ಕಿತ್ತುಕೊಂಡು ಹಾರಿಹೋಗಬಹುದು. ಆ ಜಾಗ ದಾಟುವವರೆಗೆ ಕೈಯಿಂದ ಲೈನ್ ಎಳೆದು ಮತ್ತೆ ಬಿಗಿಯಾಗಿ ಸುತ್ತಿ.

ಇನ್ನೊಂದಿದೆ. ಸಿಕ್ಕೇ ಆಗುತ್ತಿಲ್ಲ, ಆದರೆ ಲ್ಯೂರ್ ಹತ್ತಿರವೇ ಬೀಳುತ್ತದೆ, ಬೀಳುವ ಮೊದಲೇ ಸ್ಪೂಲ್ ನಿಧಾನವಾಗಿರುತ್ತದೆ. ಬ್ರೇಕ್ ಜಾಸ್ತಿ. ಎಷ್ಟೋ ಜನ ಇಲ್ಲೇ ನೆಮ್ಮದಿಯಾಗಿ ಉಳಿದುಬಿಡುತ್ತಾರೆ, ಆಮೇಲೆ ದೂರ ಹೋಗಲಿ ಅಂತ ಜೋರಾಗಿ ಝಾಡಿಸಲು ಶುರು ಮಾಡುತ್ತಾರೆ. ಅಂಕಿ ಇಳಿಸಿ ಮೆಲ್ಲಗೆ ಎಸೆದರೆ ಅದಕ್ಕಿಂತ ದೂರ ಹೋಗುತ್ತದೆ.

ಲ್ಯೂರ್, ಗಾಳಿ, ಎಸೆತದ ರೀತಿ

ತೂಕ ಒಂದೇ ಆದರೂ ಆಕಾರ ಬೇರೆಯಾದರೆ ಬ್ರೇಕೂ ಬೇರೆ. ಅಗಲ ಬ್ಲೇಡಿನ ಸ್ಪಿನ್ನರ್‌ಬೇಟ್, ಉದ್ದ ತುಟಿಯ ಕ್ರ್ಯಾಂಕ್‌ಬೇಟ್ ಗಾಳಿ ಹಿಡಿಯುತ್ತವೆ, ಬೇಗ ನಿಧಾನವಾಗುತ್ತವೆ. ಇವಕ್ಕೆ ಬ್ರೇಕ್ ಏರಿಸಬೇಕು. ಲೋಹದ ಜಿಗ್, ತುಟಿಯಿಲ್ಲದ ಕ್ರ್ಯಾಂಕ್, ಟೆಕ್ಸಸ್ ರಿಗ್ (ಮುಂದೆ ಗುಂಡಿನಂಥ ತೂಕ ಹಾಕಿದ ಮೆದು ಲ್ಯೂರ್) ಗಾಳಿ ಸೀಳಿಕೊಂಡು ಹೋಗುತ್ತವೆ, ಇವಕ್ಕೆ ಇಳಿಸಬಹುದು. ಲ್ಯೂರ್ ಬದಲಾಯಿಸಿದ ಮೇಲಿನ ಮೊದಲ ಎಸೆತ ಯಾವಾಗಲೂ ಮೆಲ್ಲಗಿರಲಿ.

ಎದುರು ಗಾಳಿ ಇದ್ದರೆ ಎರಡು ಮೂರು ಅಂಕಿ ಏರಿಸಿ, ರಾಡನ್ನು ಬದಿಯಿಂದ ಬೀಸಿ ನೀರಿಗೆ ಹತ್ತಿರವಾಗಿ ಎಸೆಯಿರಿ. ಹಿಂದಿನಿಂದ ಗಾಳಿ ಇದ್ದರೆ ಇಳಿಸಿ, ಸ್ವಲ್ಪ ಎತ್ತರಕ್ಕೆ ಎಸೆಯಿರಿ. ಒಂದು ಜಾಗದಿಂದ ಇನ್ನೊಂದು ಕಡೆ ತಿರುಗಿ ನಿಂತರೂ ಗಾಳಿಯ ದಿಕ್ಕು ಬದಲಾದಂತೆಯೇ ಲೆಕ್ಕ, ಅದನ್ನು ಮರೆಯುವುದು ಬಹಳ ಸಾಮಾನ್ಯ.

ಪಿಚಿಂಗ್, ಅಂದರೆ ಲ್ಯೂರನ್ನು ಕೈಯಲ್ಲಿ ಹಿಡಿದು ರಾಡ್ ತುದಿ ಎತ್ತಿ ತಗ್ಗಾಗಿ ಹತ್ತಿರಕ್ಕೆ ಬಿಡುವುದು. ಇಲ್ಲಿ ಸ್ಪೂಲಿನ ವೇಗವೇ ಕಡಿಮೆ, ಬ್ರೇಕ್ ಬಹಳ ಇಳಿಸಿ ಹೆಬ್ಬೆರಳಿನಲ್ಲೇ ನಡೆಸಬೇಕು. ಸ್ಕಿಪ್ಪಿಂಗ್ ಅದಕ್ಕೆ ಪೂರ್ತಿ ಉಲ್ಟಾ. ಲ್ಯೂರ್ ನೀರಿನ ಮೇಲೆ ಪುಟಿಯುತ್ತಾ ಕೊಂಬೆಗಳ ಕೆಳಗೆ ಹೋಗಬೇಕು, ಪುಟಿದಾಗಲೆಲ್ಲ ವೇಗ ತಟ್ಟನೆ ಇಳಿಯುತ್ತದೆ. ಮಾಮೂಲಿಗಿಂತ ಎರಡು ಮೂರು ಅಂಕಿ ಮೇಲಿಡಿ. ಇದಕ್ಕೆ ಕೊನೆಯವರೆಗೂ ತಡೆಯುವ ಮ್ಯಾಗ್ನೆಟಿಕ್ ಬ್ರೇಕ್ ಚೆನ್ನಾಗಿ ಒದಗುತ್ತದೆ.

ಸಿಕ್ಕು ಬಿಡಿಸುವುದು

ಮೊದಲು ಲೈನ್ ಜಗ್ಗುವುದನ್ನು ನಿಲ್ಲಿಸಿ. ಜಗ್ಗಿದಷ್ಟೂ ಕುಣಿಕೆಗಳು ಬಿಗಿಯುತ್ತವೆ. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ. ಸಿಕ್ಕಿನ ಮೇಲೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ ಹಿಡಿದು, ಒತ್ತಿಕೊಂಡೇ ಹ್ಯಾಂಡಲ್ ನಾಲ್ಕೈದು ಸುತ್ತು ತಿರುಗಿಸಿ. ಆಮೇಲೆ ಬಟನ್ ಒತ್ತಿ ಲೈನನ್ನು ಮೆಲ್ಲಗೆ ಎಳೆಯಿರಿ. ಕುಣಿಕೆಗಳು ಚಪ್ಪಟೆಯಾಗಿ ಬಹಳಷ್ಟು ತಾನಾಗೇ ಬಿಟ್ಟುಕೊಳ್ಳುತ್ತವೆ. ಮತ್ತೆ ಸಿಕ್ಕಿಕೊಂಡರೆ ಇದನ್ನೇ ಮತ್ತೆ ಮಾಡಿ.

ಆಗಲೂ ಬಿಡದಿದ್ದರೆ ಲೈನ್ ಯಾವ ಕುಣಿಕೆಯ ಕೆಳಗೆ ಹಿಡಿದುಕೊಂಡಿದೆ ನೋಡಿ, ಆ ಕುಣಿಕೆಯನ್ನು ಬೆರಳಲ್ಲಿ ಎತ್ತಿ ಹೊರಗೆ ಎಳೆದುಕೊಳ್ಳಿ, ಆಮೇಲೆ ಲೈನ್ ಎಳೆಯಿರಿ. ಕೊಕ್ಕೆಯ ಮೊನೆಯಿಂದ ಕೆದಕಬೇಡಿ, ಲೈನ್ ಗೀಚಿ ಹಾಳಾಗುತ್ತದೆ. ಬಿಡಿಸಿದ ಮೇಲೆ ಆ ಭಾಗವನ್ನು ಬೆರಳ ನಡುವೆ ಸವರಿ ನೋಡಿ. ಮಡಿಕೆ ಬಿದ್ದಿದ್ದರೆ, ಅದರಲ್ಲೂ ಫ್ಲೋರೋಕಾರ್ಬನ್ ಆದರೆ, ಅಲ್ಲಿಯವರೆಗೆ ಕತ್ತರಿಸಿ ಬಿಸಾಡಿ. ಕೆಲಸ ಮುಗಿದ ಮೇಲೆ ಡ್ರ್ಯಾಗನ್ನು ಮೊದಲಿದ್ದಷ್ಟಕ್ಕೆ ಸಡಿಲಿಸಿ. ಇದನ್ನು ಮರೆತರೆ ದೊಡ್ಡ ಮೀನು ಕಚ್ಚಿದಾಗ ಲೈನ್ ಹರಿಯುತ್ತದೆ.

ರೀಲ್ ಒಳಗಿನ ಸ್ವಚ್ಛತೆ

ನಿನ್ನೆವರೆಗೆ ಸರಿಯಿದ್ದ ಅಂಕಿ ಇವತ್ತು ಹೊಂದುತ್ತಿಲ್ಲ ಅಂದರೆ ಒಳಗೆ ನೋಡಿ. ಸೆಂಟ್ರಿಫ್ಯೂಗಲ್ ರೀಲ್‌ನಲ್ಲಿ ಶೂ ಉಜ್ಜುವ ಉಂಗುರಕ್ಕೆ ಎಣ್ಣೆ ಹರಿದಿದ್ದರೆ ಬ್ರೇಕ್ ಜಾರುತ್ತದೆ, ಒಂದು ಎಸೆತದ ಹಾಗೆ ಇನ್ನೊಂದು ಇರುವುದಿಲ್ಲ. ಒಣ ಬಟ್ಟೆಯಿಂದ ಉಂಗುರವನ್ನೂ ಶೂಗಳನ್ನೂ ಒರೆಸಿ. ಸವೆದ ಶೂ ಬದಲಾಯಿಸಿ. ಮ್ಯಾಗ್ನೆಟಿಕ್ ರೀಲ್‌ನಲ್ಲಿ ಆಯಸ್ಕಾಂತದ ಸುತ್ತ ಕಬ್ಬಿಣದ ಪುಡಿ, ಮರಳು ಅಂಟಿಕೊಂಡಿದ್ದರೆ ತೆಗೆಯಿರಿ.

ಉಪ್ಪು ನೀರಿನಲ್ಲಿ ಬಳಸಿದ ಮೇಲೆ ಡ್ರ್ಯಾಗ್ ಬಿಗಿ ಮಾಡಿ, ಸಿಹಿ ನೀರನ್ನು ಮೆಲ್ಲಗೆ ಹಾಯಿಸಿ ತೊಳೆದು ಒಣಗಿಸಿ. ಪೈಪಿನ ನೀರು ರಭಸವಾಗಿ ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಒಣಗಿದ ಮೇಲೆ ಎತ್ತಿಡುವಾಗ ಡ್ರ್ಯಾಗ್ ಸಡಿಲಿಸಿ.

ಸ್ಪೂಲಿನ ಬೇರಿಂಗ್‌ಗಳಿಗೆ ರೀಲ್ ಎಣ್ಣೆ ಒಂದೊಂದೇ ಹನಿ ಸಾಕು. ಗ್ರೀಸ್ ಹಾಕಬೇಡಿ, ಅದು ಗೇರ್‌ಗಳಿಗೆ. ಎಣ್ಣೆ ಹಾಕಿದ ಮೇಲೆ ಸ್ಪೂಲ್ ಮೊದಲಿಗಿಂತ ಸಲೀಸಾಗಿ ತಿರುಗುತ್ತದೆ, ಹಳೆಯ ಅಂಕಿ ಸಾಲದೆ ಹೋಗಬಹುದು. ಹಾಗಾಗಿ ಟೆನ್ಷನ್ ಮತ್ತೆ ನೋಡಿ, ಡಯಲ್ ಎರಡು ಅಂಕಿ ಏರಿಸಿ, ಅಲ್ಲಿಂದ ಒಂದೊಂದೇ ಇಳಿಸುತ್ತಾ ಬನ್ನಿ.